ಕಪಿತೋಲಿನಾ ಹಾಕಿದ ಒಂದು ಮತ

ನಮ್ಮ ಝಾರೋವ್ಸ್ಕ್‌ನಲ್ಲಿ ಸೋರುವ ತಾರಸಿ ರಿಪೇರಿಯಾಗುತ್ತಿದ್ದುದು ಬೇಸಿಗೆಯಲ್ಲಲ್ಲ, ಚುನಾವಣೆಗೆ ಹದಿನೈದು ದಿನ ಮುಂಚೆ. ಇದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ, ಯಾಕೆಂದರೆ ರಿಪೇರಿ ಮಾಡುತ್ತಿದ್ದವನು ನಾನೇ. ಯೆಫೀಮ್ ಅಂದರೆ ಕಾಗದದ ಗಿರಣಿಯ ಬಡಾವಣೆಯಲ್ಲಿ ಈಗಲೂ ನಾಲ್ಕು ಜನ ಬೈಯುತ್ತಾರೆ. ಬೈಯಲಿ. ಮೂವತ್ತೊಂದು ವರ್ಷ ವಸತಿ ಕಚೇರಿಯ ಸಂಬಳ ತಿಂದೂ ಒಂದೇ ಒಂದು ತಾರಸಿ ಬಿಟ್ಟು ಬೇರೆ ಯಾವುದನ್ನೂ ನೆಟ್ಟಗೆ ಮಾಡದವನು ನಾನು. ಅವರು ಕೊಡುತ್ತಿದ್ದ ಡಾಂಬರು ಹಾಳೆ ಮತದಾನದ ದಿನದವರೆಗೆ ತಡೆದರೆ ಅದೇ ಹೆಚ್ಚು. ಹಿಮ ಕರಗತೊಡಗಿತೋ, ಜನ ಮತ್ತೆ ಬಕೆಟ್ಟು ಹುಡುಕುತ್ತಿದ್ದರು.

ಆದರೆ ಇದು ನನ್ನ ಕಥೆಯಲ್ಲ, ಕಪಿತೋಲಿನಾ ಯೆಗೊರೊವ್ನಾ ಅನ್ನುವ ನರ್ಸಿನ ಕಥೆ. ನಮ್ಮ ಕುಡುಗೋಲು ಸುತ್ತಿಗೆಯ ದೇಶ ಯಾಕೆ ಬಿತ್ತು ಅಂತ ಟೀವಿಯಲ್ಲಿ ದೊಡ್ಡವರು ಕೂತು ಕಚ್ಚಾ ತೈಲದ ಬೆಲೆ, ಕ್ಷಿಪಣಿ, ಅಫ್ಘಾನಿಸ್ತಾನ ಅಂತ ಏನೇನೋ ಹೇಳುತ್ತಾರೆ. ಇರಬಹುದು, ನಾನು ಓದಿದವನಲ್ಲ. ನನಗೆ ಮಾತ್ರ ಆ ಮಾತು ಬಂದಾಗಲೆಲ್ಲ ಈಕೆಯ ಮುಖ ಕಣ್ಣಮುಂದೆ ಬರುತ್ತದೆ.

ಆಕೆ ಹುಟ್ಟಿದ್ದು ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ. ತಂದೆ ಯುದ್ಧದಿಂದ ವಾಪಸು ಬರಲಿಲ್ಲ. ತಾಯಿ ಗಿರಣಿಯ ಚಿಂದಿ ಆಯುವ ಕೋಣೆಯಲ್ಲಿ ದುಡಿದು, ಅದೇ ಧೂಳಿಗೆ ಕೆಮ್ಮಿ ಕೆಮ್ಮಿ ಹೋದಳು. ಹದಿನೆಂಟು ತುಂಬಿ ಮೊದಲ ಸಲ ಮತ ಹಾಕಲು ಹೋದಾಗ ಕಪಿತೋಲಿನಾಗೆ ಒಂದು ಬಿಳಿ ಬನ್ನು, ನಿಂಬೆ ಹೋಳು ಹಾಕಿದ ಚಹಾ ಕೊಟ್ಟರಂತೆ. ಆ ಕಾಲದಲ್ಲಿ ಬಿಳಿ ಬನ್ನು ಅಂದರೆ ಹಬ್ಬ. ಅಕಾರ್ಡಿಯನ್ ಬಾರಿಸುತ್ತಿದ್ದವನು ಆಕೆಯನ್ನು ಕಂಡು ಎದ್ದು ನಿಂತನಂತೆ. "ಅವತ್ತು ಯಾರೋ ನನ್ನನ್ನ ಮನೆಯೊಳಗೆ ಕರ್ಕೊಂಡ ಹಾಗಾಯ್ತು ಕಣೋ ಯೆಫೀಮ್" ಅಂತ ಎಷ್ಟೋ ವರ್ಷದ ಮೇಲೆ ನನ್ನ ಹತ್ತಿರ ಹೇಳಿದ್ದಳು. ನಾನು ನಕ್ಕಿದ್ದೆ. ಈಗ ನಗು ಬರುವುದಿಲ್ಲ. ಅನಾಥ ಹುಡುಗಿಗೆ ಬನ್ನು ಕೊಟ್ಟು ಗೌರವದಿಂದ ಕರೆದರೆ ಅವಳು ಜೀವನಪೂರ್ತಿ ನಂಬಿದ್ದರಲ್ಲಿ ತಪ್ಪೇನಿದೆ?

ಗಿರಣಿಯ ದವಾಖಾನೆಯಲ್ಲಿ ನರ್ಸಾದಳು. ಮದುವೆಯಾದಳು, ಗಂಡ ಬೇಗ ಸತ್ತ, ಮಕ್ಕಳಾಗಲಿಲ್ಲ. ಐವತ್ತನಾಲ್ಕರಿಂದ ಪ್ರತಿ ಚುನಾವಣೆಗೂ ಮನೆಮನೆಗೆ ಹೋಗಿ ಜನರನ್ನು ಮತಕ್ಕೆ ಕರೆತರುವ ಕೆಲಸ ಆಕೆಯದು. ಯಾರ ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿದ್ದಾಳೋ ಅವರು ಬಾಗಿಲು ತೆರೆಯದೆ ಇರುತ್ತಾರೆಯೇ? ಹದಿನಾಲ್ಕನೇ ಕಟ್ಟಡ ಪೂರ್ತಿ ಆಕೆಯ ಪಾಲಿಗೆ ಬಂದಿತ್ತು.

ಮತ ಹಾಕುವುದರಲ್ಲಿ ಅಂಥ ಕಷ್ಟವೇನೂ ಇರಲಿಲ್ಲ. ಚೀಟಿಯಲ್ಲಿ ಇರುತ್ತಿದ್ದುದು ಒಂದೇ ಹೆಸರು. ತೆಗೆದುಕೊಂಡು, ಮಡಿಚಿ, ಪೆಟ್ಟಿಗೆಗೆ ಹಾಕಿದರೆ ಆಯಿತು. ಬೇಡ ಅನ್ನುವವನು ಮೂಲೆಯ ಪರದೆಯ ಹಿಂದೆ ಹೋಗಿ ಆ ಹೆಸರು ಹೊಡೆದು ಹಾಕಬಹುದಿತ್ತು. ಆದರೆ ಪರದೆಯ ಕಡೆ ಹೆಜ್ಜೆ ಇಟ್ಟವನನ್ನು ಇಡೀ ಕೋಣೆ ತಿರುಗಿ ನೋಡುತ್ತಿತ್ತು, ಹಾಗಾಗಿ ಯಾರೂ ಹೋಗುತ್ತಿರಲಿಲ್ಲ. ಜನರ ಕೈಯಲ್ಲಿ ಉಳಿದಿದ್ದ ಅಸ್ತ್ರ ಒಂದೇ. ಬರುವುದಿಲ್ಲ ಅಂತ ಮನೆಯಲ್ಲಿ ಕೂರುವುದು. ನೂರಕ್ಕೆ ನೂರು ಮತ ಬೀಳದಿದ್ದರೆ ಮೇಲಿನವರ ಮುಖ ಕೆಂಪಾಗುತ್ತಿತ್ತು. ಅದಕ್ಕೇ ಜನ ತಮ್ಮ ಅಹವಾಲುಗಳನ್ನೆಲ್ಲ ಕೂಡಿಟ್ಟುಕೊಂಡು ಚುನಾವಣೆಗೆ ಕಾಯುತ್ತಿದ್ದರು. ಒಬ್ಬಳಿಗೆ ಮೆಟ್ಟಿಲ ಮೇಲೆ ಬಲ್ಬು ಬೇಕು, ಇನ್ನೊಬ್ಬನಿಗೆ ಬಿಸಿನೀರಿನ ಕೊಳವೆ. ಕಪಿತೋಲಿನಾ ಎಲ್ಲ ಬರೆದುಕೊಂಡು ಬಂದು ನಮ್ಮ ಕಚೇರಿಯಲ್ಲಿ ಜಗಳಕ್ಕೆ ನಿಲ್ಲುತ್ತಿದ್ದಳು.

"ಮಾಡಿಕೊಟ್ರೆ ತಾನೇ ಅವರು ಖುಷಿಯಾಗಿ ಬರೋದು?" ಅನ್ನುತ್ತಿದ್ದಳು. ಅವಳಿಗೆ ಅದರಲ್ಲಿ ಚೌಕಾಸಿ ಕಾಣುತ್ತಿರಲಿಲ್ಲ, ಸರ್ಕಾರ ಜನರ ಮಾತು ಕೇಳುತ್ತಿದೆ ಅಂತ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ, ಸ್ವಲ್ಪಮಟ್ಟಿಗೆ ಕೇಳುತ್ತಲೂ ಇತ್ತು. ಎರಡು ವರ್ಷಕ್ಕೊಂದು ಬಲ್ಬಿನಷ್ಟು.

ಹದಿನಾಲ್ಕನೇ ಕಟ್ಟಡದ ಐದನೇ ಮಹಡಿಯಲ್ಲಿ ಪೊರ್ಫಿರಿ ಸವೆಲಿಚ್ ಅನ್ನುವ ಮುದುಕ ಇದ್ದ. ಗಿರಣಿಯಲ್ಲಿ ಕಾಗದ ಒಣಗಿಸುವ ಯಂತ್ರದ ಮೇಲೆ ದುಡಿದು ನಿವೃತ್ತನಾದವನು, ಹೆಂಡತಿ ಸತ್ತ ಮೇಲೆ ಒಬ್ಬನೇ. ಸೋರುತ್ತಿದ್ದುದು ಅವನ ಮಂಚದ ಮೇಲೆಯೇ. ಪ್ರತಿ ಚುನಾವಣೆಗೂ ನಾನು ಹೋಗಿ ಒಂದು ಹಾಳೆ ಅಂಟಿಸುತ್ತಿದ್ದೆ, ಅವನು ಕೋಟು ಹಾಕಿಕೊಂಡು ಬಂದು ಮತ ಹಾಕುತ್ತಿದ್ದ. ಮಾತಿಗೆ ತಪ್ಪುವ ಮನುಷ್ಯನಲ್ಲ. ತಪ್ಪುತ್ತಿದ್ದುದು ನನ್ನ ಹಾಳೆ.

ಎಂಬತ್ತನಾಲ್ಕರ ಮಾರ್ಚ್ ನಾಲ್ಕು, ಭಾನುವಾರ, ಮತದಾನದ ದಿನ. ಆ ಸಲ ಡಾಂಬರು ಹಾಳೆ ಬಂದದ್ದೇ ಎಂಟು ಸುರುಳಿ, ಎಂಟನ್ನೂ ಪಕ್ಷದ ನಗರ ಸಮಿತಿಯ ದೊಡ್ಡವರು ಇರುವ ಬೀದಿಗೆ ಕಳಿಸಿದರು. ಹೊತ್ತುಕೊಂಡು ಹೋದವನು ನಾನೇ. ಮಧ್ಯಾಹ್ನ ಹನ್ನೆರಡಕ್ಕೆ ಕಪಿತೋಲಿನಾ ಮೂರನೇ ಸಲ ಐದು ಮಹಡಿ ಹತ್ತಿದಳು.

"ಬನ್ನಿ ಪೊರ್ಫಿರಿ ಸವೆಲಿಚ್, ಮತಗಟ್ಟೆ ಕ್ಯಾಂಟೀನಿಗೆ ಕಿತ್ತಳೆ ಬಂದಿದೆ. ಖಾಲಿ ಆಗ್ಬಿಡುತ್ತೆ."

"ಕಿತ್ತಳೆ ನೀನೇ ತಿನ್ನು ಯೆಗೊರೊವ್ನಾ. ನನ್ನ ಹಾಸಿಗೆ ಮೇಲೆ ಯಾರು ಮಲಗಿದಾರೆ ನೋಡು." ಹಾಸಿಗೆಯ ಮೇಲೆ ಇದ್ದದ್ದು ಒಂದು ತಗಡಿನ ಬೋಗುಣಿ.

"ನಾನು ಎರಡು ಸಲ ಬರೆದುಕೊಟ್ಟಿದೀನಿ. ಯೆಫೀಮ್ ಬರ್ತಾನೆ."

"ಯೆಫೀಮ್ ಮೇಲೆ ಹತ್ತಿದ್ರೆ ನಾನು ಕೆಳಗೆ ಇಳೀತೀನಿ. ಇಷ್ಟು ವರ್ಷ ಹಂಗೇ ತಾನೆ ನಡೆದದ್ದು?"

"ನೀವು ಬರದೆ ಹೋದ್ರೆ ನನಗೆ ಕೆಟ್ಟ ಹೆಸರು."

"ಗೊತ್ತು. ನಿನ್ನ ಮೇಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ನನ್ನ ಹತ್ರ ಇರೋದು ಇದೊಂದೇ ಕಣಮ್ಮ. ಇದನ್ನೂ ಸುಮ್ನೆ ಕೊಟ್ಬಿಡ್ಲಾ?"

ಅವಳು ಬರಿಗೈಯಲ್ಲಿ ಇಳಿದು ಬಂದಳು. ಮತಗಟ್ಟೆಯ ಮುಖ್ಯಸ್ಥ ವಿಕೆಂತಿ ಲ್ವೋವಿಚ್, ಗಿರಣಿಯ ಎಂಜಿನಿಯರು, ಕೆಟ್ಟವನೇನಲ್ಲ, ಪುಕ್ಕಲು. ಮೇಜಿನ ಮೇಲಿನ ಫೋನು ಬಡಿದುಕೊಳ್ಳುತ್ತಿತ್ತು. ಅವನು ಆಕೆಯನ್ನು ಪಕ್ಕಕ್ಕೆ ಕರೆದ.

"ಎಲ್ಲರದ್ದೂ ಮುಗೀತು. ನಿಮ್ಮದೊಂದೇ ಬಾಕಿ ಕಪಿತೋಲಿನಾ ಯೆಗೊರೊವ್ನಾ. ಒಬ್ಬ ಮುದುಕ ಇಡೀ ಊರಿನ ಮಾನ ಕಳೀತಾನೆ."

"ಅವರು ಬರಲ್ಲ. ತಾರಸಿ ಸೋರ್ತಿದೆ."

"ಹಾಗಾದ್ರೆ ನೀವೇ ಹಾಕ್ಬಿಡಿ." ಚೀಟಿಯನ್ನು ಆಕೆಯ ಕೈಗೆ ತುರುಕಿದ. "ಅವನು ಬಂದಿದ್ರೂ ಇದನ್ನೇ ತಾನೆ ಹಾಕ್ತಿದ್ದದ್ದು? ಯಾರಿಗೇನು ನಷ್ಟ?"

ಆಕೆ ಹಾಕಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರ ಮತ. ಮತದಾರರ ಪಟ್ಟಿಯಲ್ಲಿ ಬಂದವರ ಹೆಸರಿನ ಮುಂದೆಲ್ಲ ಶಾಯಿಯ ಗೆರೆ ಇತ್ತು. ಪೊರ್ಫಿರಿ ಸವೆಲಿಚ್ ಹೆಸರಿನ ಮುಂದೆ ವಿಕೆಂತಿ ಲ್ವೋವಿಚ್ ಪೆನ್ಸಿಲ್ ತೆಗೆದು ಸಣ್ಣ ಚುಕ್ಕೆ ಇಟ್ಟ. ಅದೇನು ಅಂತ ಆಕೆ ಕೇಳಿದ್ದಕ್ಕೆ, "ಸುಮ್ನೆ, ನನಗೆ ಗೊತ್ತಿರ್ಲಿ ಅಂತ" ಅಂದ. ನಮ್ಮ ಜನವೇ ಹಾಗೆ. ಸುಳ್ಳು ಬರೆಯುವಾಗಲೂ ನಿಜವನ್ನು ಪೂರ್ತಿ ಒರೆಸುವ ಧೈರ್ಯ ಬರುವುದಿಲ್ಲ.

ಎರಡು ಮೂರು ದಿನಕ್ಕೆ ಪತ್ರಿಕೆಯಲ್ಲಿ ಬಂತು: ಇಡೀ ದೇಶದಲ್ಲಿ ಮತ ಹಾಕಿದವರು ನೂರಕ್ಕೆ ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಒಂಬತ್ತು. ಪೊರ್ಫಿರಿ ಸವೆಲಿಚ್ ಆ ಸುದ್ದಿಯನ್ನು ಕತ್ತರಿಸಿ ಹೆಂಡತಿಯ ಫೋಟೋ ಪಕ್ಕ ಗೋಡೆಗೆ ಅಂಟಿಸಿದ. ಮನೆಗೆ ಬಂದವರಿಗೆಲ್ಲ ತೋರಿಸುವುದೇ ಕೆಲಸ. "ಇಲ್ಲಿ ಒಂದು ಚೂರು ಕಮ್ಮಿ ಇದೆಯಲ್ಲ, ಅದು ನಾನು." ಇಡೀ ಸಾಮ್ರಾಜ್ಯ ತನ್ನೊಬ್ಬನನ್ನು ಬಿಟ್ಟು ಎಣಿಸಬೇಕಾಯಿತು ಅಂತ ಅವನ ಎದೆ ಉಬ್ಬಿತ್ತು. ಕಪಿತೋಲಿನಾ ನಿಜ ಹೇಳದೆ ಸುಮ್ಮನಿದ್ದಳು.

ಸುಮ್ಮನಿದ್ದು ಮುಗಿದಿದ್ದರೆ ಚೆನ್ನಾಗಿತ್ತು. ಮುಂದಿನ ಚುನಾವಣೆ ಹತ್ತಿರ ಬಂದಾಗ ನಾನೇ ನಮ್ಮ ಮೇಲಧಿಕಾರಿಯನ್ನು ಕೇಳಿದೆ, ಹದಿನಾಲ್ಕನೇ ಕಟ್ಟಡಕ್ಕೆ ಹಾಳೆ ಎಷ್ಟು ಅಂತ. ಆತ ತಲೆ ಎತ್ತದೆ ಅಂದ: "ಹದಿನಾಲ್ಕಕ್ಕೆ ಯಾಕಯ್ಯಾ? ಹೋದ್ಸಲ ರಿಪೇರಿ ಇಲ್ದೇನೇ ನೂರಕ್ಕೆ ನೂರು ಕೊಟ್ಟಿದಾರೆ. ಸುಖವಾಗಿರೋ ಜನ." ಅಷ್ಟೇ. ಬಾರದಿದ್ದರೂ ಮತ ಬೀಳುತ್ತದೆ ಅಂತ ಒಮ್ಮೆ ಗೊತ್ತಾದ ಮೇಲೆ ಅವರಿಗೆ ಮುದುಕನ ಬೆದರಿಕೆ ಯಾವ ಲೆಕ್ಕ? ಬಲ್ಬು ನಿಂತಿತು, ಕೊಳವೆ ನಿಂತಿತು, ಹಾಳೆ ನಿಂತಿತು. ಊರಲ್ಲಿ ಎಲ್ಲಿ ಸೋರುತ್ತಿದೆ ಅಂತ ಮೇಲಿನವರಿಗೆ ತಿಳಿಯಲು ಇದ್ದ ಒಂದೇ ದಾರಿ ಅದಾಗಿತ್ತು, ಅದನ್ನು ಅವರೇ ಮುಚ್ಚಿಕೊಂಡರು. ಮುಚ್ಚಿದ ಕೈಗಳಲ್ಲಿ ತನ್ನದೂ ಒಂದು ಅಂತ ಕಪಿತೋಲಿನಾಗೆ ಅರ್ಥವಾಗಿತ್ತು. ನಾನು ಆಕೆಗೆ ಮೇಲಧಿಕಾರಿಯ ಮಾತು ಹೇಳಿದ ದಿನವೇ ಆಕೆ ನನ್ನ ಮುಂದೆ ಎಲ್ಲ ಬಾಯಿಬಿಟ್ಟಳು.

ಪೊರ್ಫಿರಿ ಸವೆಲಿಚ್ ಮಾತ್ರ ಬೇರೆಯೇ ತಿಳಿದುಕೊಂಡಿದ್ದ. "ನನ್ನ ಮೇಲೆ ಹಗೆ ಸಾಧಿಸ್ತಿದಾರೆ. ಸಾಧಿಸ್ಲಿ, ನಾನೂ ಬಗ್ಗಲ್ಲ" ಅಂತ ಸೋರುವ ಚಾವಣಿಯ ಕೆಳಗೆ ರಾಜನ ಹಾಗೆ ಕೂರುತ್ತಿದ್ದ. ಪ್ರತಿ ವಸಂತಕ್ಕೂ ಎದೆ ಕಟ್ಟುತ್ತಿತ್ತು. ಕಪಿತೋಲಿನಾ ದಿನಾ ಐದು ಮಹಡಿ ಹತ್ತಿ ಅವನ ಬೆನ್ನಿಗೆ ಸಾಸಿವೆ ಪಟ್ಟು ಹಾಕಿ, ಬೋಗುಣಿಯ ನೀರು ಚೆಲ್ಲಿ ಬರುತ್ತಿದ್ದಳು. "ಎಷ್ಟು ಒಳ್ಳೆಯವಳು ನೀನು" ಅಂತ ಅವನು ಅಂದಾಗಲೆಲ್ಲ ಆಕೆ ಮುಖ ತಿರುಗಿಸಿ ಬೋಗುಣಿ ಉಜ್ಜಲು ಕೂರುತ್ತಿದ್ದಳಂತೆ.

ಎಂಬತ್ತೊಂಬತ್ತರ ಮಾರ್ಚಿನಲ್ಲಿ ಹೊಸ ಬಗೆಯ ಚುನಾವಣೆ ಬಂತು. ಚೀಟಿಯಲ್ಲಿನ ಹೆಸರು ಹೊಡೆದು ಹಾಕುವುದಾದರೆ ಹಾಕಿ, ಯಾರೂ ಏನೂ ಅನ್ನುವುದಿಲ್ಲ ಅಂತ ರೇಡಿಯೋದಲ್ಲೇ ಹೇಳಿದರು. ನಮ್ಮಲ್ಲಿ ನಿಂತಿದ್ದವನು ನಗರ ಸಮಿತಿಯ ಕಾರ್ಯದರ್ಶಿ, ಎದುರಾಳಿ ಇಲ್ಲ. ಕಪಿತೋಲಿನಾ ಎಂದಿನಂತೆ ಕರೆಯಲು ಹೋದಳು. ನಾನೂ ಜೊತೆಗಿದ್ದೆ. ಮುದುಕ ಗೋಡೆಯ ಕಾಗದ ತೋರಿಸಿ, "ಈ ಚೂರು ಈ ಸಲಾನೂ ಬರಲ್ಲ ಅಂತ ಹೇಳು ಅವರಿಗೆ" ಅಂದ. ಆಕೆ ಕುರ್ಚಿ ಎಳೆದು ಅವನ ಎದುರು ಕೂತಳು.

"ಪೊರ್ಫಿರಿ ಸವೆಲಿಚ್, ಆ ಚೂರು ನೀವಲ್ಲ."

"ಮತ್ತೆ ಇನ್ಯಾರು?"

"ಗೊತ್ತಿಲ್ಲ. ಅವತ್ತು ನಿಮ್ಮ ಚೀಟಿ ನಾನು ಹಾಕ್ದೆ. ಈ ಕೈಯಿಂದ. ನೀವು ಮತ ಹಾಕಿದೀರ ಅಂತಾನೇ ದಾಖಲೆ ಇದೆ. ಅದಕ್ಕೇ ತಾರಸಿಗೆ ಯಾರೂ ಬರ್ಲಿಲ್ಲ."

ಅವನು ಆಕೆಯ ಕೈಗಳನ್ನು ನೋಡಿದ. ಬೆನ್ನಿಗೆ ಪಟ್ಟು ಹಾಕುತ್ತಿದ್ದ ಕೈಗಳು.

"ಹಾಗಾದ್ರೆ ಐದು ವರ್ಷ ನಾನು ಸೋರೋ ನೀರಲ್ಲಿ ನೆನೆದದ್ದು ಅವರ ಮತದಾರನಾಗೇನಾ?"

ಆಕೆ ಅತ್ತಳು. ಅವನು ಬೈಯಲಿಲ್ಲ. ಎದ್ದು ಪತ್ರಿಕೆಯ ಚೂರನ್ನು ಗೋಡೆಯಿಂದ ಕಿತ್ತು ಒಲೆಗೆ ಹಾಕಿದ, ಬಾಗಿಲು ತೆರೆದು ಹಿಡಿದ. "ಇನ್ನು ಬರಬೇಡ ಯೆಗೊರೊವ್ನಾ."

ಆ ಭಾನುವಾರ ಊರೆಲ್ಲ ಪರದೆಯ ಮುಂದೆ ಸಾಲುಗಟ್ಟಿತು. ಅರ್ಧಕ್ಕಿಂತ ಹೆಚ್ಚು ಜನ ಹೆಸರು ಹೊಡೆದು ಹಾಕಿದ್ದರಿಂದ ಎದುರಾಳಿಯೇ ಇಲ್ಲದ ಕಾರ್ಯದರ್ಶಿ ಸೋತ. ಜನ ಬೀದಿಯಲ್ಲಿ ನಕ್ಕದ್ದೇ ನಕ್ಕದ್ದು, ನಾನೂ ನಕ್ಕೆ. ಪೊರ್ಫಿರಿ ಸವೆಲಿಚ್ ಬರಲಿಲ್ಲ. "ನಾನು ಹಾಕಿದ್ರೂ ಹಾಕದಿದ್ರೂ ಅವರ ಪಟ್ಟೀಲಿ ಇದ್ದೇ ಇರ್ತೀನಿ" ಅಂದನಂತೆ.

ಆ ವರ್ಷ ಬೇಸಿಗೆಯಲ್ಲಿ ನನಗೆ ತಡೆಯಲಾಗಲಿಲ್ಲ. ನಾಲ್ಕು ಬಾಟಲಿ ವೋದ್ಕಾ ಕೊಟ್ಟು ಗಿರಣಿಯಿಂದ ಒಳ್ಳೆಯ ಹಾಳೆ ಸಂಪಾದಿಸಿ ಆ ತಾರಸಿಯನ್ನು ಮೊದಲ ಸಲ ಸರಿಯಾಗಿ ಹೊದಿಸಿದೆ. ಮುದುಕ ಕಿಟಕಿಯಿಂದ ತಲೆ ಹಾಕಿ, "ಈಗ್ಯಾಕೋ? ಚುನಾವಣೆ ಮುಗಿದ್ಹೋಯ್ತಲ್ಲ" ಅಂದ. ಸೋರುವುದು ನಿಂತಿತು. ಅವನ ಮುಖ ಮಾತ್ರ ಅರಳಲಿಲ್ಲ. ಅವನಿಂದ ಹೋದದ್ದು ಬೇರೆ, ಅದು ನನ್ನ ಡಾಂಬರಿಗೆ ಸಿಗುವಂಥದ್ದಲ್ಲ.

ಕಪಿತೋಲಿನಾ ಆಗ ಒಂದು ಹುಚ್ಚು ಕೆಲಸಕ್ಕೆ ಕೈಹಾಕಿದಳು. ಎಂಬತ್ತನಾಲ್ಕರ ದಾಖಲೆ ತಿದ್ದಬೇಕು, ಪೊರ್ಫಿರಿ ಸವೆಲಿಚ್ ಅವತ್ತು ಮತ ಹಾಕಲಿಲ್ಲ ಅಂತ ಮೊಹರು ಹಾಕಿದ ಕಾಗದ ಬೇಕು ಅಂತ ಅರ್ಜಿ ಬರೆದಳು. ಮೊದಲು ಹೋದದ್ದು ವಿಕೆಂತಿ ಲ್ವೋವಿಚ್ ಬಳಿ. ಅವನ ಮುಖ ಬಿಳಿಚಿಕೊಂಡಿತು.

"ನಿಮಗೇನು ತಲೆ ಕೆಟ್ಟಿದೆಯಾ? ಒಂದನ್ನ ತಿದ್ದಿದ್ರೆ ಅಲ್ಲಿಗೆ ನಿಲ್ಲುತ್ತಾ? ನಾಳೆ ಗಿರಣಿ ಎಷ್ಟು ಕಾಗದ ಮಾಡ್ತು ಅಂತ ತಿದ್ದಬೇಕು. ನಾಡಿದ್ದು ಗೋದಿ ಎಷ್ಟು ಬೆಳೀತು ಅಂತ ತಿದ್ದಬೇಕು. ಕೊನೆಗೆ ಏನುಳಿಯುತ್ತೆ ಹೇಳಿ?"

"ಅದು ನನಗೆ ಗೊತ್ತಿಲ್ಲ. ನಾನು ಹಾಕಿದ ಒಂದನ್ನ ನಾನು ತಿದ್ದಬೇಕು."

ನಗರ ಸಮಿತಿಯಲ್ಲಿ ಪಕ್ಷದ ಕಾರ್ಡು ಕಿತ್ತುಕೊಳ್ಳುತ್ತೇವೆ ಅಂತ ಹೆದರಿಸಿದರು. ಮೂವತ್ತೈದು ವರ್ಷ ಎದೆಗವಚಿಕೊಂಡಿದ್ದ ಕಾರ್ಡು. ಆಕೆ ಅದನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, "ಇದನ್ನ ನೀವಿಟ್ಕೊಳ್ಳಿ, ನನಗೆ ಆ ಕಾಗದ ಕೊಡಿ" ಅಂದಳು. ಕಾರ್ಡು ಇಟ್ಟುಕೊಂಡರು, ಕಾಗದ ಕೊಡಲಿಲ್ಲ. ಎರಡೂವರೆ ವರ್ಷ ತಿರುಗಿದಳು. ಅಷ್ಟರಲ್ಲಿ ಅಂಗಡಿಗಳಲ್ಲಿ ಉಪ್ಪು, ಬೆಂಕಿಪೊಟ್ಟಣ ಕೂಡ ಇಲ್ಲವಾಯಿತು, ಲಿಥುವೇನಿಯಾದವರು ದೇಶದಿಂದ ಬೇರೆ ಹೋಗುತ್ತೇವೆ ಅಂದರು, ಮಾಸ್ಕೋದಲ್ಲಿ ಟ್ಯಾಂಕುಗಳು ಬಂದು ವಾಪಸು ಹೋದವು, ನಮ್ಮ ನಗರ ಸಮಿತಿಯ ಬಾಗಿಲಿಗೆ ಕಾಗದದ ಪಟ್ಟಿ ಅಂಟಿಸಿ ಸೀಲು ಒತ್ತಿದರು. ಆಕೆ ಮಾತ್ರ ಅದೇ ಅರ್ಜಿ ಹಿಡಿದು ಮುಂದಿನ ಬಾಗಿಲು ಯಾವುದು ಅಂತ ಕೇಳುತ್ತಿದ್ದಳು. ಎಲ್ಲರೂ ನಕ್ಕರು. ನಾನೂ ಒಮ್ಮೆ ರೇಗಿದೆ, "ದೇಶಾನೇ ಮುಳುಗ್ತಿದೆ, ನಿಂದೊಂದು ಚೀಟಿ!" ಅಂತ. "ಅದಕ್ಕೇ ಬೇಗ ಬೇಕು" ಅಂದಳು.

ತೊಂಬತ್ತೊಂದರ ಡಿಸೆಂಬರ್ ಮಧ್ಯದಲ್ಲಿ ನಗರಸಭೆಯ ಕಚೇರಿಯಲ್ಲಿ ರಿಮ್ಮಾ ಅನ್ನುವ ಗುಮಾಸ್ತೆ ಒಬ್ಬಳೇ ಕೋಟು ಹೊದ್ದು ಕೂತಿದ್ದಳು. ಚಿಕ್ಕವಳಿದ್ದಾಗ ಕಪಿತೋಲಿನಾ ಕೈಯಲ್ಲಿ ಎಷ್ಟೋ ಸೂಜಿ ಚುಚ್ಚಿಸಿಕೊಂಡವಳು. ಹಳೆಯ ಮತಪಟ್ಟಿಗಳು ರದ್ದಿಯಾಗಿ ನಮ್ಮ ಗಿರಣಿಗೇ ಹೋಗಿ ಬೆಂದು ಹೊಸ ಕಾಗದವಾಗಬೇಕಿತ್ತಂತೆ, ಲಾರಿ ಸಿಗದೆ ಏಳು ವರ್ಷ ನೆಲಮಾಳಿಗೆಯಲ್ಲಿ ಬಿದ್ದಿದ್ದವು. ಇಬ್ಬರೂ ಬೆಳಗಿನಿಂದ ಮಧ್ಯಾಹ್ನದವರೆಗೆ ಧೂಳಿನಲ್ಲಿ ಹುಡುಕಿದರು. ಚುಕ್ಕೆ ಸಿಕ್ಕಿತು. ರಿಮ್ಮಾ ಟೈಪ್ ಮಾಡಿ, ಕುಡುಗೋಲು ಸುತ್ತಿಗೆಯ ಮೊಹರಿಗೆ ಉಗುರಿನಷ್ಟು ಉಳಿದಿದ್ದ ಶಾಯಿ ತಾಕಿಸಿ ಒತ್ತಿದಳು. ಆ ಮೊಹರಿನ ದೇಶಕ್ಕೆ ಇನ್ನು ಹೆಚ್ಚೆಂದರೆ ಹತ್ತು ದಿನದ ಆಯುಸ್ಸಿತ್ತು.

ಹದಿನಾಲ್ಕನೇ ಕಟ್ಟಡದ ಮೆಟ್ಟಿಲಲ್ಲಿ ಹಿಮ ಗಟ್ಟಿಯಾಗಿತ್ತು, ನಾನು ಆಕೆಯ ಕೈಹಿಡಿದು ಹತ್ತಿಸಿದೆ. ಪೊರ್ಫಿರಿ ಸವೆಲಿಚ್ ಬಾಗಿಲ ಸರಪಳಿ ತೆಗೆಯದೆ ಸಂದಿಯಿಂದಲೇ ಕಾಗದ ಇಸಿದುಕೊಂಡ. ಎಪ್ಪತ್ತೊಂಬತ್ತರ ಮುದುಕ, ಕನ್ನಡಕ ಹುಡುಕಿ ತರಲು ಐದು ನಿಮಿಷವಾಯಿತು. ಒಳಗಿನಿಂದ ಅವನು ಗಟ್ಟಿಯಾಗಿ ಓದುವುದು ಕೇಳಿಸಿತು: "ಹದಿನಾಲ್ಕನೇ ಕಟ್ಟಡದ ನಾಗರಿಕ ಪೊರ್ಫಿರಿ ಸವೆಲಿಚ್ ದೆಮೆಂತಿಯೆವ್, 1984ರ ಮಾರ್ಚ್ 4ರಂದು ಮತ ಹಾಕಿರುವುದಿಲ್ಲ." ಮೂರು ಸಲ ಓದಿದ. ಆಮೇಲೆ ಸರಪಳಿ ಕಳಚಿದ ಸದ್ದಾಯಿತು.

"ಬಾ ಯೆಗೊರೊವ್ನಾ, ಒಳಗೆ ಬಾ. ಸಕ್ಕರೆ ಇಲ್ಲ, ಚಹಾ ಇದೆ."

ಕೂತ ಮೇಲೆ ಆಕೆ ಇನ್ನೊಂದು ಮಾತು ಹೇಳಲೇಬೇಕಾಯಿತು. "ನಿಮ್ಮದೊಂದೇ ಚುಕ್ಕೆ ಅಲ್ಲ ಪೊರ್ಫಿರಿ ಸವೆಲಿಚ್. ನಮ್ಮ ಮತಗಟ್ಟೆ ಪಟ್ಟೀಲೇ ಮೂವತ್ತೆಂಟಿದ್ವು. ವಿಕೆಂತಿ ಲ್ವೋವಿಚ್ ಮತಕ್ಕೆ ಕರೆಯೋ ನಮಗೆಲ್ಲ ಒಬ್ಬೊಬ್ಬರಿಗೂ ಅದೇ ಹೇಳಿದಾನೆ, ನಿಮ್ಮದೊಂದೇ ಬಾಕಿ ಅಂತ."

ಅವನು ಲೋಟ ಕೆಳಗಿಟ್ಟ. "ಮೂವತ್ತೆಂಟು ಜನ?"

"ನಾನು ಎರಡು ಸಲ ಎಣಿಸ್ದೆ."

"ನಾನೊಬ್ಬನೇ ಅಂದ್ಕೊಂಡಿದ್ದೆ."

"ಅವರೂ ಹಾಗೇ ಅಂದ್ಕೊಂಡಿರ್ತಾರೆ."

"ನನಗೆ ಗೊತ್ತಿರೋರು ಯಾರಾದ್ರೂ ಇದಾರಾ ಅದ್ರಲ್ಲಿ?"

ಕಪಿತೋಲಿನಾ ನನ್ನ ಮುಖ ನೋಡಿದಳು. "ಎದುರಿನ ಕಟ್ಟಡದ ಗ್ಲಫೀರಾ. ನಿಮ್ಮ ಜೊತೇಲಿ ಯಂತ್ರದ ಮೇಲೆ ಇದ್ದೋಳು."

ಗ್ಲಫೀರಾ ಎಂಬತ್ತಾರರಲ್ಲೇ ತೀರಿಕೊಂಡಿದ್ದಳು. ಹತ್ತೊಂಬತ್ತು ವರ್ಷ ಅವರಿಬ್ಬರೂ ಒಂದೇ ಪಾಳಿಯಲ್ಲಿ ದುಡಿದವರು, ಆಮೇಲೆ ಅಂಗಳದಲ್ಲಿ, ಅಂಗಡಿಯ ಸಾಲಿನಲ್ಲಿ ನಮಸ್ಕಾರ ಅಂದರೆ ನಮಸ್ಕಾರ, ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ. ಮುದುಕ ಕಿಟಕಿಯಾಚೆಗಿನ ಆ ಕಟ್ಟಡದ ಕಡೆ ತಿರುಗಿದ.

"ಅವಳ ಶವಪೆಟ್ಟಿಗೆ ಹಿಂದೆ ಸ್ಮಶಾನದವರೆಗೂ ನಡೆದೆ ನಾನು" ಅಂದ. "ದಾರಿಯುದ್ದಕ್ಕೂ ಏನು ಯೋಚಿಸ್ತಿದ್ದೆ ಗೊತ್ತಾ? ಪಾಪ, ಇವಳೂ ತಲೆ ಬಗ್ಗಿಸ್ಕೊಂಡೇ ಬದುಕಿ ಹೋದ್ಳು ಅಂತ."

ಮೇಜಿನ ಮೇಲಿದ್ದ ತನ್ನ ಕಾಗದವನ್ನು ಕೈಯಿಂದ ಸವರಿದ. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಯೆಗೊರೊವ್ನಾ, ಆ ಮೊಹರು ಇನ್ನೂ ಇದೆಯಾ ಅಲ್ಲಿ?"

"ಇದೆ. ಶಾಯಿ ಸ್ವಲ್ಪ ಇದೆ."

"ಹಾಗಾದ್ರೆ ಅವಳ ಹೆಸರಿಗೂ ಒಂದು ಬರೆಸ್ಕೊಂಡು ಬಾ" ಅಂದ. "ಓದಿ ಹೇಳೋಕೆ ಅವಳ ಗೋರಿ ಹತ್ರ ನಾನೇ ಹೋಗ್ತೀನಿ."